ಟ್ರಾಲಿ ಅಗ್ನಿನಂದಕ: ಕೊಳ್ಳುವ ಮೊದಲು ನೆಲ ನೋಡಿ

ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ರಜೆ. ಆ ಎರಡು ತಿಂಗಳು ಮಲ್ಪೆಯ ಬಂದರಿನಲ್ಲಿ ಬೋಟುಗಳು ಮೈಗೆ ಮೈ ತಾಗಿಸಿಕೊಂಡು ನಿಲ್ಲುತ್ತವೆ. ಒಂದರಲ್ಲಿ ವೆಲ್ಡಿಂಗ್ ನಡೆದರೆ ಪಕ್ಕದ್ದರಲ್ಲಿ ಫೈಬರ್ ಕೆಲಸ, ಅದರಾಚೆಯದರಲ್ಲಿ ಎಂಜಿನ್ ಬಿಚ್ಚಿ ಹರವಿರುತ್ತಾರೆ. ಟ್ಯಾಂಕಿನ ತಳದಲ್ಲಿ ಉಳಿದ ಡೀಸೆಲ್, ರೆಸಿನ್ ಡಬ್ಬ, ಅಸಿಟೋನ್, ಥರ್ಮೋಕೋಲ್, ರಾಶಿ ರಾಶಿ ನೈಲಾನ್ ಬಲೆ. 2023ರ ನವೆಂಬರಿನಲ್ಲಿ, ದೀಪಾವಳಿಯ ಹೊತ್ತಿಗೆ, ಗಂಗೊಳ್ಳಿಯಲ್ಲಿ ಹಲವು ಬೋಟುಗಳು ಸುಟ್ಟು ಬೂದಿಯಾದದ್ದನ್ನು ಈ ಭಾಗದವರು ಮರೆತಿಲ್ಲ. ಇಂಥ ಕಡೆ ಕ್ಯಾಬಿನ್ನಿನ ಗೋಡೆಗೆ ತೂಗುಹಾಕಿದ 6 ಕಿಲೋ ಸಿಲಿಂಡರ್ ಎಷ್ಟು ಹೊತ್ತು ಬಂದೀತು?

15ರಿಂದ 20 ಸೆಕೆಂಡು. ಅಷ್ಟರಲ್ಲಿ ಅದು ಖಾಲಿ. ಬೆಂಕಿ ಬಕೆಟ್‌ನಷ್ಟಿದ್ದಾಗ ಅದು ದೇವರಂಥ ಸಾಧನ, ಇಡೀ ಡೆಕ್ ಹತ್ತಿಕೊಂಡ ಮೇಲೆ ಅದರಿಂದ ಏನೂ ಆಗದು. ಇನ್ನೊಂದು ತುದಿಯಲ್ಲಿ ಅಗ್ನಿಶಾಮಕ ದಳದ ವಾಹನವಿದೆ. 101ಕ್ಕೋ 112ಕ್ಕೋ ಕರೆ ಹೋಗಿ, ವಾಹನ ಹೊರಟು, ಟ್ರಾಫಿಕ್ ದಾಟಿ, ಬಂದರಿನೊಳಗೆ ನುಗ್ಗಿ, ಪೈಪು ಹಾಸಿ ನೀರು ಬಿಡುವವರೆಗಿನ ನಿಮಿಷಗಳನ್ನು ಯಾರು ನಿಭಾಯಿಸಬೇಕು? ಸ್ಥಳದಲ್ಲಿದ್ದವರೇ. ಚಕ್ರದ ಮೇಲೆ ನಿಂತ ದೊಡ್ಡ ಅಗ್ನಿನಂದಕ, ನಮ್ಮ ಕಾರ್ಖಾನೆಗಳಲ್ಲಿ ಎಲ್ಲರೂ ಟ್ರಾಲಿ ಸಿಲಿಂಡರ್ ಎನ್ನುವುದು, ಇರುವುದು ಈ ನಡುವಿನ ಹೊತ್ತಿಗಾಗಿ.

ಅಗ್ನಿ ಸುರಕ್ಷತೆಯ ತಪಾಸಣೆ, ತರಬೇತಿ ನನ್ನ ವೃತ್ತಿ. ಪಣಂಬೂರು, ಬೈಕಂಪಾಡಿ, ಮಣಿಪಾಲ ಎಂದು ಓಡಾಡುವಾಗ ಈ ಟ್ರಾಲಿಗಳನ್ನು ಧಾರಾಳ ನೋಡುತ್ತೇನೆ. ಕೆಂಪು ಬಣ್ಣ ಹೊಳೆಯುತ್ತಿರುತ್ತದೆ, ರೀಫಿಲ್ ಚೀಟಿ ಅಂಟಿಸಿರುತ್ತಾರೆ. ಆದರೆ ನಿಂತ ಜಾಗದಿಂದ ಬೆಂಕಿ ಬೀಳಬಹುದಾದ ಜಾಗಕ್ಕೆ ಅದನ್ನು ಉರುಳಿಸಿಕೊಂಡು ಹೋಗಲು ಬರುತ್ತದೆಯೇ ಎಂದು ನೋಡಿದವರು ಕಡಿಮೆ. ನನ್ನ ಮಟ್ಟಿಗೆ ಮೊದಲು ಕೇಳಬೇಕಾದ ಪ್ರಶ್ನೆ ಅದೇ.

ಮೊದಲು ಅದರ ಒಳಗನ್ನು ತಿಳಿದುಕೊಳ್ಳೋಣ. ಕೈಯಲ್ಲಿ ಎತ್ತಿ ಬಳಸುವ ಅಗ್ನಿನಂದಕಗಳಿಗೆ ನಮ್ಮಲ್ಲಿ ಐಎಸ್ 15683 ಮಾನದಂಡವಿದೆ, ಚಕ್ರದವುಗಳಿಗೆ ಐಎಸ್ 16018. ಪುಡಿಯ ಟ್ರಾಲಿಗಳು 25, 50, 75 ಕಿಲೋ, ಅದಕ್ಕೂ ಮೇಲ್ಪಟ್ಟ ಗಾತ್ರಗಳಲ್ಲಿ ಸಿಗುತ್ತವೆ. ನೊರೆಯದು ಸಾಮಾನ್ಯವಾಗಿ 45 ಲೀಟರಿನಿಂದ ಶುರು. ಇಂಗಾಲದ ಡೈಆಕ್ಸೈಡ್‌ನದು 9, 22.5, 45 ಕಿಲೋ. 50 ಕಿಲೋ ಪುಡಿಯ ಟ್ರಾಲಿ ಎಂದರೆ ಟ್ಯಾಂಕ್, ಚಕ್ರ, ಪೈಪು ಎಲ್ಲ ಸೇರಿ 100 ಕಿಲೋದ ಆಸುಪಾಸು ತೂಗುತ್ತದೆ ಎಂಬುದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಪುಡಿ ತಾನಾಗಿ ಹೊರಗೆ ಚಿಮ್ಮುವುದಿಲ್ಲ, ಅದನ್ನು ಅನಿಲವೇ ದೂಡಬೇಕು. ಇದಕ್ಕೆ ಎರಡು ವಿಧಾನಗಳಿವೆ. ಒಂದರಲ್ಲಿ ಟ್ಯಾಂಕಿನೊಳಗೇ ನೈಟ್ರೋಜನ್ ತುಂಬಿ ಸದಾ ಒತ್ತಡದಲ್ಲಿ ಇಟ್ಟಿರುತ್ತಾರೆ. ಗೇಜಿನ ಮುಳ್ಳು ಹಸಿರು ಪಟ್ಟಿಯಲ್ಲಿದ್ದರೆ ಒತ್ತಡ ಇದೆ ಎಂದರ್ಥ. ಇನ್ನೊಂದರಲ್ಲಿ ದೊಡ್ಡ ಟ್ಯಾಂಕಿನ ಪಕ್ಕಕ್ಕೆ ಸಣ್ಣದೊಂದು ಗ್ಯಾಸ್ ಸಿಲಿಂಡರ್ ಕಟ್ಟಿರುತ್ತದೆ, ಬಳಸುವ ತನಕ ಟ್ಯಾಂಕಿನಲ್ಲಿ ಒತ್ತಡವೇ ಇರುವುದಿಲ್ಲ. ಸಣ್ಣ ಸಿಲಿಂಡರಿನ ವಾಲ್ವ್ ತಿರುಗಿಸಿದಾಗ ಅನಿಲ ಕೊಳವೆಯೊಂದರ ಮೂಲಕ ಟ್ಯಾಂಕಿನ ತಳಕ್ಕೆ ಇಳಿದು, ಅಲ್ಲಿಂದ ಮೇಲೇಳುತ್ತಾ ಇಡೀ ಪುಡಿಯನ್ನು ಕಲಕಿ ಸಡಿಲಗೊಳಿಸುತ್ತದೆ. ಹಾಗೆ ಸಡಿಲಗೊಂಡ ಪುಡಿ ನೀರಿನ ಹಾಗೆ ಪೈಪಿನಲ್ಲಿ ಹರಿಯುತ್ತದೆ. ಇದಕ್ಕೆ ಕೆಲವು ಸೆಕೆಂಡು ಬೇಕು. ಆ ಸೆಕೆಂಡುಗಳಲ್ಲಿ ಪೈಪಿನಿಂದ ಏನೂ ಬರದಿದ್ದಾಗ ಗಾಬರಿಯಿಂದ ಸಿಲಿಂಡರ್ ಕೆಟ್ಟಿದೆ ಎಂದು ಬಿಟ್ಟು ಓಡುವವರಿದ್ದಾರೆ.

ಜ್ವಾಲೆ ಎಂದರೆ ಒಂದರ ಹಿಂದೊಂದು ನಡೆಯುವ ರಾಸಾಯನಿಕ ಕ್ರಿಯೆಗಳ ಸರಪಳಿ. ಪುಡಿ ಆ ಸರಪಳಿಯನ್ನು ನಡುವೆ ಕಡಿಯುತ್ತದೆ, ಅದಕ್ಕೇ ಡೀಸೆಲ್ ಬೆಂಕಿ ಕಣ್ಣೆದುರೇ ಆರುತ್ತದೆ. ಘನವಸ್ತು, ದ್ರವ, ಅನಿಲ ಮೂರರ ಬೆಂಕಿಗೂ ಆಗುವ ಎಬಿಸಿ ಪುಡಿಯಲ್ಲಿರುವ ಮೋನೋ ಅಮೋನಿಯಂ ಫಾಸ್ಫೇಟ್ ಬಿಸಿಗೆ ಕರಗಿ ಮರ, ಬಟ್ಟೆಗಳ ಮೇಲೂ ಒಂದು ಪದರವಾಗಿ ಕೂರುತ್ತದೆ. ಆದರೆ ಪುಡಿ ತಂಪು ಮಾಡುವುದಿಲ್ಲ. ಕಾದ ಕಬ್ಬಿಣ ಕಾದೇ ಇರುತ್ತದೆ, ಡೀಸೆಲ್ ಆವಿ ಅದಕ್ಕೆ ತಾಗಿದರೆ ಮತ್ತೆ ಭಗ್ಗೆನ್ನುತ್ತದೆ. ನೊರೆಯ ಬಲವಿರುವುದು ಅಲ್ಲಿ. ಎಎಫ್‌ಎಫ್‌ಎಫ್ ನೊರೆ ಎಣ್ಣೆಯ ಮೇಲೆ ತೆಳು ಪೊರೆ ಹಾಸಿ ಆವಿಯನ್ನು ಒಳಗೇ ಕಟ್ಟಿಹಾಕುತ್ತದೆ, ಅದರಲ್ಲಿನ ನೀರು ತಂಪನ್ನೂ ಮಾಡುತ್ತದೆ. ದೊಡ್ಡ ಎಣ್ಣೆ ಬೆಂಕಿಯಾದರೆ ಪುಡಿಯಿಂದ ಜ್ವಾಲೆ ಕೆಡವಿ, ಹಿಂದೆಯೇ ನೊರೆ ಮುಚ್ಚುವುದು ಉತ್ತಮ ಕ್ರಮ. ಒಂದು ಎಚ್ಚರಿಕೆ: ಸ್ಪಿರಿಟ್, ಅಸಿಟೋನ್‌ನಂತೆ ನೀರಿನಲ್ಲಿ ಬೆರೆಯುವ ದ್ರವಗಳು ಸಾಮಾನ್ಯ ನೊರೆಯನ್ನು ಒಡೆದುಹಾಕುತ್ತವೆ. ಅವುಗಳಿಗೆ ಆಲ್ಕೊಹಾಲ್ ತಾಳಿಕೊಳ್ಳುವ ನೊರೆಯೇ ಬೇಕು. ಫೈಬರ್ ಕೆಲಸದ ಶೆಡ್ಡಿನವರು ಇದನ್ನು ಮಾರಾಟಗಾರರಲ್ಲಿ ಬಾಯಿಬಿಟ್ಟು ಕೇಳಿ ಪಡೆಯಬೇಕು.

ಬಳಸುವ ಕ್ರಮ ಓದಲು ಸುಲಭ, ಕೈಯಲ್ಲಿ ಅಷ್ಟು ಸುಲಭವಲ್ಲ. ಬೈಕಂಪಾಡಿಯ ಕಾರ್ಖಾನೆಯೊಂದರ ಅಂಗಳದಲ್ಲಿ ನಡೆದ ಅಭ್ಯಾಸದಲ್ಲಿ ತಗಡಿನ ತಟ್ಟೆಗೆ ಡೀಸೆಲ್ ಸುರಿದು ಹಚ್ಚಿದ್ದೆವು. ಹೊಸ ಹುಡುಗನೊಬ್ಬ ಹುರುಪಿನಿಂದ ಟ್ರಾಲಿ ಎಳೆದು ತಂದ, ಪಿನ್ ಕಿತ್ತ, ಕೈ ನೇರ ಗ್ಯಾಸ್ ವಾಲ್ವಿಗೆ ಹೋಯಿತು. ಪೈಪು ಇನ್ನೂ ಸುರುಳಿ ಸುತ್ತಿ ಕೊಕ್ಕೆಯಲ್ಲೇ ಇತ್ತು. ಪಕ್ಕದಲ್ಲಿದ್ದ ಪ್ಯಾಕಿಂಗ್ ವಿಭಾಗದ ಹಿರಿಯ ಮಹಿಳೆ ಅವನ ಮಣಿಕಟ್ಟು ಹಿಡಿದು ನಿಲ್ಲಿಸಿದರು. "ಮೊದಲು ಪೈಪು ಬಿಡಿಸು ತಮ್ಮಾ, ಗ್ಯಾಸ್ ಆಮೇಲೆ." ಅವರು ನಾಝಲ್ ಹಿಡಿದು ಹಿಂದಿನಿಂದ ಗಾಳಿ ಬೀಸುವ ಕಡೆಯಿಂದ ಮುಂದೆ ನಡೆದರು, ಪೈಪು ಪೂರ್ತಿ ನೇರವಾದ ಮೇಲೆ "ಬಿಡು" ಎಂದರು. ಹುಡುಗ ವಾಲ್ವ್ ತಿರುಗಿಸಿದ. ಪೈಪು ಒಮ್ಮೆ ಬಿಗಿದು ನಡುಗಿತು. ಅವರು ಮನಸ್ಸಿನಲ್ಲೇ ಎಣಿಸಿ, ನಾಝಲ್ ತೆರೆದು, ಜ್ವಾಲೆಯ ಬುಡಕ್ಕೆ ಎಡದಿಂದ ಬಲಕ್ಕೆ ಬೀಸುತ್ತಾ ಹೋದರು. ಆರಿದ ಮೇಲೂ ಬೆನ್ನು ತಿರುಗಿಸಲಿಲ್ಲ, ತಟ್ಟೆಯನ್ನೇ ನೋಡುತ್ತಾ ಹಿಂದೆ ಹಿಂದೆ ಬಂದರು. ನಾನು ಅರ್ಧ ಗಂಟೆ ಹೇಳಿದ್ದೆಲ್ಲ ಆ ಎರಡು ನಿಮಿಷದಲ್ಲಿ ಇತ್ತು.

ಸುರುಳಿಯಲ್ಲಿರುವ ಪೈಪಿಗೆ ಒತ್ತಡ ಬಿಟ್ಟರೆ ಅದು ಮಡಿಕೆಯಲ್ಲಿ ಕಟ್ಟಿಕೊಳ್ಳಬಹುದು, ಇಲ್ಲವೇ ಚಿಮ್ಮಿ ಹತ್ತಿರದವರಿಗೆ ಬಡಿಯಬಹುದು. ಹಾಗಾಗಿ ಟ್ರಾಲಿಗೆ ಇಬ್ಬರು ಬೇಕು: ವಾಲ್ವ್ ಬಳಿ ಒಬ್ಬರು, ನಾಝಲ್ ಬಳಿ ಒಬ್ಬರು. ಒಬ್ಬರಿಂದಲೂ ಸಾಧ್ಯ, ಆದರೆ ನಾಝಲ್ ಹಿಡಿದವರಿಗೆ ಹಿಂದೆ ದಾರಿ ತೆರೆದಿದೆಯೇ ಎಂದು ನೋಡಿ ಹೇಳುವವರು ಇರುವುದಿಲ್ಲ. ಟ್ರಾಲಿಯ ನಿಜವಾದ ಲಾಭ ಪುಡಿಯ ತೂಕದಲ್ಲಿ ಮಾತ್ರ ಇಲ್ಲ. ಹಲವು ಮೀಟರ್ ಉದ್ದದ ಪೈಪು, ಅದರ ಮುಂದೆ ಚಿಮ್ಮುವ ದೂರ, ಒಂದು ನಿಮಿಷದ ಆಸುಪಾಸು ನಿಲ್ಲದ ಧಾರೆ ಇವು ಮೂರೂ ಸೇರಿ ಮನುಷ್ಯನನ್ನು ಶಾಖದಿಂದ ದೂರ ಇಡುತ್ತವೆ. ಎಂಟು ಸಣ್ಣ ಸಿಲಿಂಡರ್ ಒಟ್ಟಿಗಿಟ್ಟರೂ ಇದು ದಕ್ಕದು.

ಎಲ್ಲೆಲ್ಲಿ ಬೇಕು? ಬಂದರಿನ ಜೆಟ್ಟಿ, ಡೀಸೆಲ್ ಬಂಕ್, ಪೆಟ್ರೋಲ್ ಬಂಕಿನಲ್ಲಿ ಟ್ಯಾಂಕರ್ ಖಾಲಿ ಮಾಡುವ ಜಾಗ, ಎಣ್ಣೆ ತುಂಬಿದ ಟ್ರಾನ್ಸ್‌ಫಾರ್ಮರಿನ ಅಂಗಳ, ಬಣ್ಣ ಮತ್ತು ರಾಸಾಯನಿಕಗಳ ಗೋದಾಮು, ವಿಮಾನಕ್ಕೆ ಇಂಧನ ತುಂಬುವ ಅಂಕಣ. ದ್ರವ ಇಂಧನ ಹೆಚ್ಚಿರುವ, ನೆಲ ಗಟ್ಟಿಯಾಗಿ ಸಮತಟ್ಟಾಗಿರುವ, ತೆರೆದ ಜಾಗಗಳು ಇವೆಲ್ಲ.

ಗೇರುಬೀಜದ ಕಾರ್ಖಾನೆಯವರು ನನ್ನನ್ನು ಹೆಚ್ಚು ಕೇಳುತ್ತಾರೆ, ಅದರ ಬಗ್ಗೆ ಬಿಡಿಸಿ ಹೇಳಬೇಕು. ಗೇರು ಸಿಪ್ಪೆಯಲ್ಲಿ ಎಣ್ಣೆ ಇದೆ, ರಾಶಿಗೆ ಬೆಂಕಿ ತಾಗಿದರೆ ಮೇಲೆ ಉರಿ ಕಾಣುತ್ತದೆ, ಒಳಗೆ ಕೆಂಡ ಕೂತಿರುತ್ತದೆ. ಪುಡಿಯ ಟ್ರಾಲಿ ಮೇಲಿನ ಉರಿಯನ್ನು ಕೂಡಲೇ ಕೆಡವುತ್ತದೆ, ಎಲ್ಲರೂ ಮುಗಿಯಿತೆಂದು ಮನೆಗೆ ಹೋಗುತ್ತಾರೆ, ನಡುರಾತ್ರಿ ರಾಶಿ ಮತ್ತೆ ಹೊತ್ತುತ್ತದೆ. ಗೋಣಿಚೀಲದ ಅಟ್ಟಿ, ಬಲೆಯ ರಾಶಿ, ಹತ್ತಿಯ ಕಥೆಯೂ ಇದೇ. ಇಂಥಲ್ಲಿ ಪುಡಿಯಿಂದ ಸಿಗುವುದು ಸಮಯ ಮಾತ್ರ. ಆ ಸಮಯದಲ್ಲಿ ರಾಶಿ ಬಿಡಿಸಿ ನೀರು ಕುಡಿಸಬೇಕು. ಅಂಗಳದಲ್ಲಿ ನೀರಿನ ಹೈಡ್ರಂಟ್ ಇಲ್ಲದ ಗೇರು ಕಾರ್ಖಾನೆಗೆ ಎರಡನೆಯ ಪುಡಿ ಟ್ರಾಲಿ ಕೊಳ್ಳಲು ನಾನು ಹೇಳುವುದಿಲ್ಲ, ಆ ಹಣವನ್ನು ನೀರಿಗೆ ಹಾಕಿ ಎನ್ನುತ್ತೇನೆ.

ಎಲ್‌ಪಿಜಿ ವಿಷಯದಲ್ಲಿ ಇನ್ನೂ ಕಟುವಾಗಿ ಹೇಳಬೇಕು. ಮಂಗಳೂರಿನಿಂದ ಹೊರಟು ಶಿರಾಡಿ ಘಾಟಿ ಹತ್ತುವ ಬುಲೆಟ್ ಟ್ಯಾಂಕರ್‌ಗಳು ನಮಗೆ ದಿನನಿತ್ಯದ ನೋಟ. ಸೋರುತ್ತಿರುವ ಅನಿಲಕ್ಕೆ ಬೆಂಕಿ ಹತ್ತಿದ್ದರೆ, ಸೋರಿಕೆಯ ವಾಲ್ವ್ ಮುಚ್ಚಲು ಆಗುವ ಸ್ಥಿತಿ ಇದ್ದರೆ ಮಾತ್ರ ಜ್ವಾಲೆ ಆರಿಸಬೇಕು. ಪುಡಿಯ ಟ್ರಾಲಿ ಆ ಜ್ವಾಲೆಯನ್ನು ಖಂಡಿತ ಆರಿಸುತ್ತದೆ, ಅಪಾಯ ಇರುವುದೇ ಅಲ್ಲಿ. ಅನಿಲ ನಿಲ್ಲದೆ ಹೊರಬಂದು, ಗಾಳಿಗಿಂತ ಭಾರವಾದದ್ದರಿಂದ ತಗ್ಗಿನಲ್ಲಿ ಹರಡಿ, ಎಲ್ಲೋ ಒಂದು ಕಿಡಿ ಸಿಕ್ಕಾಗ ಸ್ಫೋಟಿಸುತ್ತದೆ. ವಾಲ್ವ್ ಕೈಗೆ ಸಿಗದಿದ್ದರೆ ಜನರನ್ನು ದೂರ ಕಳಿಸಿ, ಅಗ್ನಿಶಾಮಕ ದಳಕ್ಕೆ ಕರೆ ಮಾಡಿ.

ಇಂಗಾಲದ ಡೈಆಕ್ಸೈಡ್ ಟ್ರಾಲಿಯನ್ನು ಜನರೇಟರ್ ಕೋಣೆ, ವಿದ್ಯುತ್ ಪ್ಯಾನೆಲ್ ಕೋಣೆಗಳ ಬಳಿ ಇಡುತ್ತಾರೆ. ಕಲೆ ಉಳಿಸುವುದಿಲ್ಲ, ಯಂತ್ರ ಹಾಳಾಗುವುದಿಲ್ಲ, ಸರಿಯೇ. ಆದರೆ 22.5 ಕಿಲೋ ದ್ರವ ಅನಿಲವಾದಾಗ ಸುಮಾರು 12 ಘನ ಮೀಟರ್ ಆಗುತ್ತದೆ. 4 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರದ ಕೋಣೆಯ ಒಟ್ಟು ಗಾಳಿಯೇ 48 ಘನ ಮೀಟರ್. ಶೇ 10ಕ್ಕಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಇರುವ ಗಾಳಿಯಲ್ಲಿ ಮನುಷ್ಯ ಬೇಗನೆ ಪ್ರಜ್ಞೆ ತಪ್ಪುತ್ತಾನೆ, ಇಲ್ಲಿ ಅದರ ಎರಡು ಪಟ್ಟಿಗೂ ಮಿಕ್ಕಿದೆ. ಒಳಗೆ ಯಾರೂ ಉಳಿದಿಲ್ಲ ಎಂದು ಮೊದಲು ಕೂಗಿ ಕೇಳಬೇಕು, ಆಮೇಲೆ ಬಾಗಿಲಲ್ಲಿ ನಿಂತು ಬಿಡಬೇಕು, ಗಾಳಿಯಾಡುವವರೆಗೆ ಒಳಹೋಗಬಾರದು. ಹೊರಬರುವ ಅನಿಲ ಸೊನ್ನೆಗಿಂತ 78 ಡಿಗ್ರಿ ಕೆಳಗೆ ತಣ್ಣಗಿರುತ್ತದೆ, ಕಹಳೆಯಂಥ ತುದಿಯನ್ನು ಬರಿಗೈಯಲ್ಲಿ ಹಿಡಿದರೆ ಚರ್ಮ ಕಿತ್ತುಬರುತ್ತದೆ. ಕಡಲತೀರದ ಬಯಲಿನಲ್ಲಂತೂ ಈ ಅನಿಲ ಗಾಳಿಗೆ ಚದುರಿಹೋಗುವುದರಿಂದ ಪ್ರಯೋಜನವಿಲ್ಲ.

ಮದುವೆ ಹಾಲ್, ಅನ್ನಸಂತರ್ಪಣೆಯ ಅಡುಗೆಶಾಲೆಯವರಿಗೆ ಒಂದೇ ಮಾತು. ದೊಡ್ಡ ಬಾಣಲೆಯ ಎಣ್ಣೆ ಹತ್ತಿಕೊಂಡರೆ ಟ್ರಾಲಿಯ ರಭಸದ ಧಾರೆ ಎಣ್ಣೆಯನ್ನು ಹೊರಗೆ ಎರಚುತ್ತದೆ. ಅದಕ್ಕೆ ಎಫ್ ವರ್ಗದ ವೆಟ್ ಕೆಮಿಕಲ್ ಅಗ್ನಿನಂದಕವೇ ಬೇರೆ ಇದೆ.

ಈಗ ನೆಲದ ವಿಷಯ. 100 ಕಿಲೋದ ಗಾಡಿ ಸಿಮೆಂಟಿನ ಮೇಲೆ ಒಬ್ಬರ ಕೈಗೆ ಸಲೀಸು. ಮುರಕಲ್ಲಿನ ಅಂಗಳದಲ್ಲಿ ಇಬ್ಬರು ಬೇಕು. ಮಳೆಗಾಲದ ಕೆಸರಿನಲ್ಲಿ, ಜೆಟ್ಟಿಯ ಪಕ್ಕದ ಮರಳಿನಲ್ಲಿ ಕಿರಿದಾದ ಚಕ್ರ ಹೂತು ನಿಲ್ಲುತ್ತದೆ. ಹೊಸ್ತಿಲು, ಚರಂಡಿಯ ಚಪ್ಪಡಿ, ಬಾಗಿಲಿಗೆ ಅಡ್ಡ ಇಟ್ಟ ಮೀನಿನ ಕ್ರೇಟು, ಯಾವುದಾದರೂ ಒಂದು ಸಾಕು ತಡೆಯಲು. ಮಂಗಳೂರಿನ ಬಂದರ್ ಪ್ರದೇಶದ ಹಳೆಯ ಗೋದಾಮುಗಳಲ್ಲಿ ಮೆಟ್ಟಿಲು ಹತ್ತಿ ಒಳಹೋಗಬೇಕು, ಅಲ್ಲಿ ಟ್ರಾಲಿಗೆ ಕೆಲಸವಿಲ್ಲ, ಸಣ್ಣ ಸಿಲಿಂಡರ್‌ಗಳನ್ನೇ ಹೆಚ್ಚು ಇಡಬೇಕು. ಅಗಲದ ರಬ್ಬರ್ ಚಕ್ರ ಇರುವುದನ್ನೇ ಆರಿಸಿ, ದಾರಿಗೆ ಕಾಂಕ್ರೀಟ್ ಪಟ್ಟಿ ಹಾಕಿಸಿ. ಖರೀದಿಯ ಆದೇಶ ಕೊಡುವ ಮೊದಲು ಅಷ್ಟೇ ತೂಕದ ಕೈಗಾಡಿಯನ್ನು ಆ ದಾರಿಯಲ್ಲಿ ಓಡಿಸಿ ನೋಡಿ.

ಗಾಳಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಮ್ಮಲ್ಲಿ ಹಗಲು ಕಡಲಿನಿಂದ ಗಾಳಿ, ರಾತ್ರಿ ನೆಲದಿಂದ ಕಡಲಿಗೆ. ಒಂದೇ ಟ್ರಾಲಿಯನ್ನು ಪೂರ್ವದ ತುದಿಯಲ್ಲಿ ನಿಲ್ಲಿಸಿದರೆ ಹಗಲಿನ ಬೆಂಕಿಯ ಹೊಗೆ ನೇರ ಅದರ ಮೇಲೇ ಬರುತ್ತದೆ. ಉದ್ದದ ಜೆಟ್ಟಿಗೆ 75 ಕಿಲೋದ ಒಂದಕ್ಕಿಂತ ಎರಡು ತುದಿಗೆ 50 ಕಿಲೋದ ಎರಡು ಲೇಸು.

ಕರಾವಳಿಯ ಹವೆ ಈ ಸಾಧನಗಳಿಗೆ ದೊಡ್ಡ ಶತ್ರು. ಉಪ್ಪುಗಾಳಿಗೆ ಅಚ್ಚು ಜಡಿದು ಚಕ್ರ ತಿರುಗದೆ ನಿಂತ ಟ್ರಾಲಿಗಳನ್ನು ಎಷ್ಟೋ ಕಂಡಿದ್ದೇನೆ. ತಿಂಗಳಿಗೊಮ್ಮೆ ಗ್ರೀಸ್ ಹಾಕಿ, ಹತ್ತು ಹೆಜ್ಜೆಯಾದರೂ ಉರುಳಿಸಬೇಕು. ನಾಝಲ್ ತುದಿಯಲ್ಲಿ ಕಣಜದ ಮಣ್ಣಿನ ಗೂಡು ಇಲ್ಲವೆಂದು ಖಚಿತಪಡಿಸಿಕೊಳ್ಳಿ, ನಗಬೇಡಿ, ಇದು ನಮ್ಮಲ್ಲಿ ಮಾಮೂಲು. ಪುಡಿಗೆ ತೇವ ತಾಗಿದರೆ ಮಳೆಗಾಲದಲ್ಲಿ ಡಬ್ಬದ ತಳದ ಉಪ್ಪಿನಂತೆ ಗಟ್ಟಿಕಟ್ಟುತ್ತದೆ, ಆಮೇಲೆ ಗ್ಯಾಸ್ ಮಾತ್ರ ಹೊರಬರುತ್ತದೆ, ಪುಡಿ ಒಳಗೇ ಉಳಿಯುತ್ತದೆ. ಗೇಜಿನ ಮುಳ್ಳು ಹಸಿರಿನಲ್ಲಿದ್ದರೂ ಇದು ತಿಳಿಯುವುದಿಲ್ಲ, ಒತ್ತಡ ಪೂರ್ತಿ ಇಳಿಸಿದ ಮೇಲೆ ಮುಚ್ಚಳ ತೆರೆದು ನೋಡಬೇಕು. ಪಕ್ಕದ ಗ್ಯಾಸ್ ಸಿಲಿಂಡರ್ ಇರುವ ಬಗೆಯಲ್ಲಿ ಅದನ್ನು ಬಿಚ್ಚಿ ತೂಗಬೇಕು. ಮೇಲೆ ಕೊರೆದಿರುವ ಅನಿಲದ ತೂಕದಲ್ಲಿ ಶೇ 10ಕ್ಕಿಂತ ಹೆಚ್ಚು ಕಡಿಮೆಯಾಗಿದ್ದರೆ ಮತ್ತೆ ತುಂಬಿಸಬೇಕು. ಒತ್ತಡ ತಾಳುವ ಪರೀಕ್ಷೆ ಪುಡಿ ಮತ್ತು ನೊರೆಯ ಟ್ಯಾಂಕಿಗೆ 3 ವರ್ಷಕ್ಕೊಮ್ಮೆ, ಇಂಗಾಲದ ಡೈಆಕ್ಸೈಡ್‌ನದಕ್ಕೆ 5 ವರ್ಷಕ್ಕೊಮ್ಮೆ.

ರೀಫಿಲ್ ಮಾಡಿಸುವಾಗ ದ್ರವ, ಅನಿಲಗಳ ಬೆಂಕಿಗೆ ಮಾತ್ರ ಆಗುವ ಹಳೆಯ ‘ಬಿ-ಸಿ’ ಪುಡಿಯ ಮೇಲೆ ಎಬಿಸಿ ಪುಡಿ ಸುರಿಯಲು ಬಿಡಬೇಡಿ. ಒಂದು ಸೋಡಿಯಂ ಬೈಕಾರ್ಬೊನೇಟ್, ಇನ್ನೊಂದು ಆಮ್ಲೀಯ ಗುಣದ ಫಾಸ್ಫೇಟ್. ತೇವ ಸೇರಿದರೆ ಎರಡೂ ವರ್ತಿಸಿ ಅನಿಲ ಹುಟ್ಟಿಸುತ್ತವೆ, ಪುಡಿ ಗಂಟಾಗುತ್ತದೆ, ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ಏರುತ್ತದೆ. ಪುಡಿ ತುಂಬಿಸುವ ಕೆಲಸವನ್ನು ಮೇ ತಿಂಗಳ ಮೊದಲ ವಾರದೊಳಗೆ, ಒಣ ಹವೆಯಲ್ಲಿ, ನಿಮ್ಮ ಕಣ್ಣೆದುರು ಮಾಡಿಸಿಕೊಳ್ಳಿ. ಹಳೆಯ ಪುಡಿಯನ್ನು ಎಸೆಯುವ ಮೊದಲು ಅದೇ ಅಂಗಳದಲ್ಲಿ ಕೆಲಸಗಾರರ ಕೈಯಿಂದಲೇ ಒಮ್ಮೆ ಬಿಡಿಸಿ. ರಾತ್ರಿ ಪಾಳಿಯವರನ್ನೂ ಕಾವಲುಗಾರರನ್ನೂ ಅಂದು ಕರೆಯಿರಿ, ಏಕೆಂದರೆ ರಜೆಯ ದಿನಗಳಲ್ಲಿ ಆ ಟ್ರಾಲಿಯ ಬಳಿ ಇರುವವರು ಅವರೇ.