ಕೇಪಳದ ಬುಡಕ್ಕೆ ಬೂದಿ ಬೇಡ

ಹೊಸ ಮನೆ ಕಟ್ಟಿದವರು ಕಾಂಪೌಂಡ್ ಬದಿಗೆ ಕೇಪಳದ (ಇಕ್ಸೋರಾ) ಸಾಲು ನೆಡುವುದು ಈಗ ಶಿವಮೊಗ್ಗ, ತೀರ್ಥಹಳ್ಳಿ, ಸಾಗರಗಳಲ್ಲೆಲ್ಲ ಕಾಣುತ್ತದೆ. ವರ್ಷ ತುಂಬುವುದರೊಳಗೆ ನನಗೆ ಫೋಟೋ ಬರುತ್ತದೆ: ಚಿಗುರೆಲೆ ಹಳದಿ, ನರ ಮಾತ್ರ ಹಸಿರು. ಜತೆಗೆ ಒಂದೇ ಪ್ರಶ್ನೆ, "ಯಾವ ಗೊಬ್ಬರ ಹಾಕಲಿ ಸರ್?" ಗೊಬ್ಬರದ ಮಾತು ಆಮೇಲೆ, ಮೊದಲು ಬುಡದ ಪಕ್ಕ ಒಂದಡಿ ಅಗೆದು ನೋಡಿ ಎನ್ನುತ್ತೇನೆ. ಹೆಚ್ಚಿನ ಕಡೆ ಸಿಗುವುದು ಗಾರೆ ಚೂರು, ಸಿಮೆಂಟ್ ಹೆಂಟೆ. ಅದರ ಸುಣ್ಣ ಮಣ್ಣಿನ ಹುಳಿ ಕಳೆಯುತ್ತದೆ.

ಕೇಪಳ ನಮ್ಮ ಗುಡ್ಡದ್ದೇ ಗಿಡ. ಕೆಲವು ಕಡೆ ಗುಡ್ಡೆದಾಸವಾಳ ಎಂದೇ ಕರೆಯುತ್ತಾರೆ. ಜಂಬಿಟ್ಟಿಗೆ ನೆಲದಲ್ಲಿ, ಬ್ಯಾಣದ (ಹುಲ್ಲುಗಾವಲಿನ) ಅಂಚಿನಲ್ಲಿ, ಯಾರೂ ಒಂದು ಕೊಡ ನೀರು ಹೊಯ್ಯದಿದ್ದರೂ ಗೊಂಚಲು ಗೊಂಚಲಾಗಿ ಅರಳುತ್ತದೆ. ಕಾಫಿ ಗಿಡವೂ ಇದೇ ಕುಟುಂಬದ್ದು. ಮಲೆನಾಡಿನ ಮಳೆ ಮಣ್ಣಿನ ಸುಣ್ಣದಂಶವನ್ನು ತೊಳೆದೊಯ್ದು ನೆಲವನ್ನು ಹುಳಿಯಾಗಿಸಿದೆ. ಕೇಪಳ ಒಗ್ಗಿಕೊಂಡಿರುವುದು ಆ ಹುಳಿಗೆ. ಮಣ್ಣಿನ ರಸಸಾರ (pH, 7ಕ್ಕಿಂತ ಕೆಳಗಿಳಿದಷ್ಟೂ ಹುಳಿ ಹೆಚ್ಚು) 5.5ರಿಂದ 6.5ರ ನಡುವೆ ಇದ್ದರೆ ಬೇರಿಗೆ ಕಬ್ಬಿಣ ಸಲೀಸಾಗಿ ಸಿಗುತ್ತದೆ. 7 ದಾಟಿತೋ, ಕಬ್ಬಿಣ ಕರಗದ ರೂಪಕ್ಕೆ ತಿರುಗಿ ಗಿಡಕ್ಕೆ ದಕ್ಕುವುದಿಲ್ಲ. ನಮ್ಮ ಕೆಮ್ಮಣ್ಣಿನ ಬಣ್ಣವೇ ಕಬ್ಬಿಣದ್ದು. ಅಂಥ ಮಣ್ಣಿನಲ್ಲಿ ನಿಂತ ಗಿಡ ಕಬ್ಬಿಣವಿಲ್ಲದೆ ಸೊರಗುವುದನ್ನು ನೋಡಿದಾಗ ನಿಜಕ್ಕೂ ಸಂಕಟವಾಗುತ್ತದೆ.

ಸಿಮೆಂಟಿನ ಸುಳಿವಿಲ್ಲದ ಹಳೇ ಮನೆಯ ಅಂಗಳದಲ್ಲೂ ಇದೇ ಹಳದಿ ಕಂಡರೆ ಬಚ್ಚಲೊಲೆಯ ಬೂದಿ ಎಲ್ಲಿ ಹೋಗುತ್ತದೆ ಎಂದು ಕೇಳುತ್ತೇನೆ. ಹಂಡೆ ಒಲೆಯ ಬೂದಿಯನ್ನು ಹೂವಿನ ಗಿಡಗಳ ಬುಡಕ್ಕೆ ಸುರಿಯುವುದು ನಮ್ಮಲ್ಲಿ ರೂಢಿ. ತೆಂಗಿಗೆ, ಬಾಳೆಗೆ ಅದರಿಂದ ಪೊಟ್ಯಾಷ್ ಸಿಗುತ್ತದೆ, ಸರಿ. ಅಡಿಕೆ ತೋಟಕ್ಕೆ ಸುಣ್ಣ ಹಾಕುವುದು ಮಣ್ಣಿನ ಹುಳಿ ತಗ್ಗಿಸಲು, ಅದೂ ಸರಿ. ಬೂದಿಯೂ ಸುಣ್ಣದ ಹಾಗೆ ಹುಳಿ ತಗ್ಗಿಸುತ್ತದೆ, ಕೇಪಳಕ್ಕೆ ಬೇಕಿರುವುದೇ ಆ ಹುಳಿ. ಬೂದಿ, ಸುಣ್ಣ, ಮೊಟ್ಟೆ ಚಿಪ್ಪು ಮೂರನ್ನೂ ಇದರಿಂದ ದೂರವಿಡಿ.

ಹಳದಿಯೆಲ್ಲ ಒಂದೇ ಅಲ್ಲ. ಎಳೆ ಎಲೆಯಲ್ಲಿ ಶುರುವಾಗಿ ನರ ಹಸಿರಾಗಿಯೇ ಉಳಿದರೆ ಕಬ್ಬಿಣದ ಕೊರತೆ. ಕೆಳಗಿನ ಹಳೇ ಎಲೆ ಒಂದೇ ಸಮ ಹಳದಿಯಾದರೆ ಸಾರಜನಕ ಸಾಲದು. ಆಷಾಢದ ಮಳೆಯಲ್ಲಿ ಇಡೀ ಗಿಡ ಮಂಕಾಗಿ ಜೋತುಬಿದ್ದರೆ ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತಿದೆ. ಕೂಡಲೇ ಕಾಲುವೆ ತೋಡಿ ನೀರು ಹೊರಗೆ ಬಿಡಿ.

ಕಬ್ಬಿಣದ ಕೊರತೆಗೆ ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, ಹಳಬರ ಅನ್ನಭೇದಿ, ಕರಗಿಸಿ ಬಿಸಿಲಿಳಿದ ಮೇಲೆ ಎಲೆಗೆ ಸಿಂಪಡಿಸಿ. ಹದಿನೈದು ದಿನ ಬಿಟ್ಟು ಮತ್ತೊಮ್ಮೆ. ಗೋಡೆಗೆ, ನೆಲದ ಟೈಲ್ಸಿಗೆ ತಾಗಿದರೆ ತುಕ್ಕಿನ ಕಲೆ ಹೋಗುವುದಿಲ್ಲ, ಜೋಪಾನ. ಹೊಸ ಚಿಗುರು ಹಸಿರಾಗುತ್ತದೆ ನಿಜ, ಆದರೆ ಇದು ತಾತ್ಕಾಲಿಕ. ಬುಡದ ಗಾರೆ ಆರಿಸಿ ತೆಗೆದು, ಗುಡ್ಡದ ಕೆಮ್ಮಣ್ಣಿಗೆ ಕೊಳೆತ ದರಗು (ಉದುರಿದ ಒಣ ಎಲೆ), ಹಳೇ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಬೇಕು. ಬೇಸಿಗೆಯಲ್ಲಿ ಮೇಲೆ ದರಗಿನ ಮುಚ್ಚಿಗೆ ಇರಲಿ. ಬೋರ್‌ವೆಲ್ ನೀರು ಗಡಸಾಗಿದ್ದರೆ ಅದೂ ಮಣ್ಣಿನ ಹುಳಿ ಕಳೆಯುತ್ತದೆ. ಸೂರಿನ ಮಳೆನೀರು ಹಿಡಿದಿಟ್ಟು ಹಾಕಿದರೆ ಒಳ್ಳೆಯದು. ಹೊಸದಾಗಿ ನೆಡುವವರು ಗೋಡೆಯಿಂದ ಮೂರಡಿಯಾದರೂ ಬಿಡಿ, ದಿನಕ್ಕೆ ಐದಾರು ತಾಸು ಬಿಸಿಲು ಬೀಳುವ ಜಾಗ ಹುಡುಕಿ.

ಹೂವು ಬರುವುದು ಟಿಸಿಲಿನ ತುದಿಯಲ್ಲಿ. ಬೇಲಿಯನ್ನು ಚೌಕಾಕಾರಕ್ಕೆ ತರಬೇಕೆಂದು ತಿಂಗಳು ತಿಂಗಳೂ ಕತ್ತರಿ ಆಡಿಸುವವರು ಮೊಗ್ಗನ್ನೇ ಕತ್ತರಿಸುತ್ತಿರುತ್ತಾರೆ. ಗೊಂಚಲು ಬಾಡಿದ ಮೇಲೆ ಅದರ ಕೆಳಗೆ ಒಂದು ಗೆಣ್ಣು ಬಿಟ್ಟು ಸವರಿದರೆ ಸಾಕು. ಭಾರಿ ಸವರುವಿಕೆ ಜಡಿಮಳೆಯಲ್ಲಿ ಬೇಡ, ಮಳೆ ಇಳಿದ ಮೇಲೆ ಮಾಡಿ.

ಕಾಂಡದ ಮೇಲೆ ಇರುವೆ ಸಾಲು ಹತ್ತುತ್ತಿದ್ದರೆ ಎಲೆಯಡಿ ಶಲ್ಕ ಕೀಟ ಅಥವಾ ಹಿಟ್ಟು ತಿಗಣೆ ಇರುತ್ತದೆ. ಲೀಟರಿಗೆ 5 ಮಿಲಿ ಬೇವಿನೆಣ್ಣೆ, ಚೂರು ಸೋಪಿನ ನೀರು ಸಾಕು.

ಗಿಡ ಬೇಕೆಂದು ಗುಡ್ಡದ ಕೇಪಳವನ್ನು ಕಿತ್ತು ತರಬೇಡಿ. ಆ ಉದ್ದ ಕೊಳವೆಯ ಹೂವಿನ ಮಕರಂದ ಚಿಟ್ಟೆಗಳ ಪಾಲು, ಹಣ್ಣು ಹಕ್ಕಿಗಳದ್ದು, ಶಾಲೆಯಿಂದ ಬರುವ ಮಕ್ಕಳದ್ದು. ಮುಂಗಾರು ಹಿಡಿದಾಗ ಅರೆಬಲಿತ ಟಿಸಿಲಿನಿಂದ ಗೇಣುದ್ದದ ಕಡ್ಡಿ ತಂದು, ತುದಿಯ ಎರಡು ಜೋಡಿ ಎಲೆ ಬಿಟ್ಟು ಉಳಿದವನ್ನು ತೆಗೆದು, ಮರಳು ಬೆರೆತ ಮಣ್ಣಿನಲ್ಲಿ ನೆರಳಿಗೆ ನೆಡಿ. ಬೇರು ಬಿಡಲು ಒಂದೂವರೆ ಎರಡು ತಿಂಗಳು ಹಿಡಿಯುತ್ತದೆ. ಬೇರು ಬಂತೋ ಎಂದು ನಡುವೆ ಎಳೆದು ನೋಡಬೇಡಿ, ಹೊಸ ಚಿಗುರು ಕಂಡ ಮೇಲೆ ಕುಂಡಕ್ಕೆ ಬದಲಿಸಿ.