ಉಡುಪು ಐಚ್ಛಿಕ ಕಡಲತೀರ

ಪದವಿ ತರಗತಿಯಲ್ಲಿ ‘ಐಚ್ಛಿಕ ಕನ್ನಡ’ ಓದಿದವರಿಗೆ ‘ಐಚ್ಛಿಕ’ ಎಂಬುದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ: ಬೇಕೆಂದವರು ಆರಿಸಿಕೊಳ್ಳಬಹುದು, ಬೇಡವೆಂದವರು ಬಿಡಬಹುದು. ‘ಉಡುಪು ಐಚ್ಛಿಕ ಕಡಲತೀರ’ ಎಂಬಲ್ಲಿಯೂ ಅರ್ಥದ ಭಾರವೆಲ್ಲ ಆ ನಡುವಣ ಪದದ ಮೇಲೆಯೇ ಇದೆ. ಈಜುಡುಗೆ ತೊಟ್ಟವರೂ ಏನನ್ನೂ ತೊಡದವರೂ ಒಂದೇ ಮರಳಿನ ಮೇಲೆ, ಪರಸ್ಪರ ಅಡ್ಡಿಯಾಗದೆ ಇರಬಹುದಾದ ತೀರ ಅದು. ‘ಬೆತ್ತಲೆ ಬೀಚ್’ ಎಂದು ಬರೆದರೆ ಆ ಆಯ್ಕೆಯೇ ಕಾಣೆಯಾಗುತ್ತದೆ. ‘ದಿಗಂಬರ’ವೂ ಇಲ್ಲಿಗೆ ಒದಗುವ ಪದವಲ್ಲ, ದಿಕ್ಕುಗಳನ್ನೇ ಉಟ್ಟ ಜೈನ ಮುನಿಯದು ಜೀವಮಾನದ ತ್ಯಾಗ, ಕಡಲಿಗೆ ಬಂದವರದು ಒಂದು ಮಧ್ಯಾಹ್ನದ ಬಿಡುವು.

ಮೆಡಿಟರೇನಿಯನ್ ಸಮುದ್ರದಲ್ಲಿ ಸ್ಪೇನಿಗೆ ಸೇರಿದ ಇಬೀಜಾ ದ್ವೀಪದ ದಕ್ಷಿಣ ತುದಿಯಲ್ಲಿರುವ ಎಸ್ ಕವಲ್ಯೆಟ್ ಎಂಬ ತೀರ ಇದಕ್ಕೆ ಒಳ್ಳೆಯ ಉದಾಹರಣೆ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೋ ತೀರಿಕೊಂಡ ಮೂರು ವರ್ಷಗಳ ಬಳಿಕ, 1978ರಲ್ಲಿ, ಆ ದ್ವೀಪದಲ್ಲಿ ಮೊದಲು ಅಧಿಕೃತ ಮನ್ನಣೆ ಪಡೆದ ಇಂಥ ತೀರ ಇದೇ. ‘ಸಾರ್ವಜನಿಕ ಅಪಚಾರ’ ಎಂಬ ಅಪರಾಧವನ್ನು ಸ್ಪೇನ್ 1988ರಲ್ಲಿ ತನ್ನ ದಂಡಸಂಹಿತೆಯಿಂದ ತೆಗೆದುಹಾಕಿದ್ದರಿಂದ ಬರಿಮೈ ಅಲ್ಲಿ ತಾನಾಗಿಯೇ ಅಪರಾಧವಲ್ಲ. ಆದರೆ ನಗರಸಭೆಗಳು ತಮ್ಮ ಊರಿನ ಬೀದಿ, ತೀರಗಳಲ್ಲಿ ಅದನ್ನು ನಿಷೇಧಿಸಬಲ್ಲವು. ಎಸ್ ಕವಲ್ಯೆಟ್‌ನ ಹಿಂದೆ ಇಂದಿಗೂ ಉಪ್ಪು ತೆಗೆಯುವ ಗದ್ದೆಗಳಿವೆ, ದಿಬ್ಬಗಳ ಮೇಲೆ ಜೂನಿಪರ್ ಗಿಡಗಳಿವೆ. ನೀರಿನಂಚಿನಲ್ಲಿ ಪೊಸಿಡೋನಿಯಾ ಎಂಬ ಕಡಲಹುಲ್ಲಿನ ಒಣಗಿದ ಕಂದು ಎಲೆಗಳು ರಾಶಿಬಿದ್ದಿರುತ್ತವೆ. ಕಸವೆಂದು ತೋರುವ ಈ ರಾಶಿಯೇ ಅಲೆಗಳ ಹೊಡೆತದಿಂದ ಮರಳನ್ನು ಕಾಯುತ್ತದೆ.

ಫ್ರಾನ್ಸಿನ ಲೆವಾಂ ದ್ವೀಪದ ಮಾತು ಬೇರೆ. ಅದರ ಬಹುಭಾಗ ಸೇನೆಯ ವಶದಲ್ಲಿದ್ದು, ಉಳಿದ ಭಾಗದಲ್ಲಿ ವೈದ್ಯ ಸಹೋದರರಾದ ಗಾಸ್ತೋನ್ ಮತ್ತು ಆಂದ್ರೆ ದ್ಯುರ್ವಿಲ್ ಅವರು ಬಿಸಿಲು, ಗಾಳಿ, ಮಿತಾಹಾರಗಳಿಂದ ಆರೋಗ್ಯವೆಂಬ ನಂಬಿಕೆಯ ಮೇಲೆ 1931ರಲ್ಲಿ ಏಲಿಯೊಪೊಲಿಸ್ ಎಂಬ ಊರನ್ನು ಕಟ್ಟಿದರು. ಅದು ಒಂದು ಜೀವನಕ್ರಮಕ್ಕಾಗಿ ಹುಟ್ಟಿದ ಊರು; ಬಟ್ಟೆಯ ಹಂಗಿಲ್ಲದೆ ಪ್ರಕೃತಿಯೊಡನೆ ಬದುಕುವ ಆ ಕ್ರಮವನ್ನು ‘ನ್ಯಾಚುರಿಸಂ’ ಎನ್ನುತ್ತಾರೆ. ಬಂದರಿನಲ್ಲಿ ಮತ್ತು ಊರಿನ ಚೌಕದಲ್ಲಿ ಕನಿಷ್ಠ ಉಡುಪು ಬೇಕು, ಕೆಲವು ತೀರಗಳಲ್ಲಿ ಬಟ್ಟೆ ಕಳಚಿಯೇ ಇರಬೇಕು. ಹೀಗೆ ಕಡ್ಡಾಯವಿರುವ ತೀರವನ್ನು ಐಚ್ಛಿಕವೆಂದು ಕರೆಯುವುದು ಸರಿಯಲ್ಲ. ಎಸ್ ಕವಲ್ಯೆಟ್‌ನಲ್ಲಾದರೋ ಸಲ್ವಾರ್ ಕಮೀಜ್ ತೊಟ್ಟು ಕುಳಿತ ಕನ್ನಡತಿಯನ್ನೂ ಯಾರೂ ಏಕೆಂದು ಕೇಳುವಂತಿಲ್ಲ.

ಆಯ್ಕೆಯ ಜೊತೆಗೆ ಬರುವ ನಡವಳಿಕೆಯೂ ಈ ಪದದ ಅರ್ಥದೊಳಗೇ ಸೇರಿದೆ ಎಂಬುದು ನನ್ನ ಅಭಿಪ್ರಾಯ. ಇಂಥ ತೀರಕ್ಕೆ ಬಂದವರು ಕುಳಿತುಕೊಳ್ಳುವ ಮುನ್ನ ತಮ್ಮದೇ ಟವೆಲನ್ನು ಹಾಸಿಕೊಳ್ಳುತ್ತಾರೆ. ಊಟಕ್ಕೆಂದು ಹೋಟೆಲಿನತ್ತ ಹೊರಟವರು ಸೊಂಟಕ್ಕೊಂದು ತೆಳುಬಟ್ಟೆ ಸುತ್ತಿಕೊಳ್ಳುತ್ತಾರೆ. ಮೈಮೇಲೆ ಬಟ್ಟೆಯಿಲ್ಲದಿರುವುದು ಅಲ್ಲಿ ಸಂಕೋಚದ ವಿಷಯವಲ್ಲ. ಇನ್ನೊಬ್ಬರನ್ನು ದಿಟ್ಟಿಸಿ ನೋಡುವುದು, ಕೇಳದೆ ಅವರತ್ತ ಮೊಬೈಲಿನ ಕ್ಯಾಮೆರಾ ತಿರುಗಿಸುವುದು ಮಾತ್ರ ಯಾರೂ ಸಹಿಸದ ತಪ್ಪುಗಳು.