ಲೈಬ್ರರಿ ಲೆಕ್ಕಕ್ಕೆ ಫೈಲ್ ಸಾಕಾ, ಡೇಟಾಬೇಸ್ ಬೇಕಾ?

ಪ್ರಶ್ನೆ: ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಸುಮಾರು 3,000 ಪುಸ್ತಕಗಳಿವೆ. ಪಟ್ಟಿ ಸಿಎಸ್‌ವಿ ಫೈಲಿನಲ್ಲಿದೆ (ಸಾಲಿಗೊಂದು ಪುಸ್ತಕ, ವಿವರಗಳ ನಡುವೆ ಅಲ್ಪವಿರಾಮ ಇರುವ ಸರಳ ಪಠ್ಯದ ಫೈಲು). ಅದನ್ನು ಡೇಟಾಬೇಸಿಗೆ ಹಾಕಲೇಬೇಕಾ?

ಉತ್ತರ: ಪುಸ್ತಕ ಎಷ್ಟಿವೆ ಅನ್ನೋದು ಇಲ್ಲಿ ಮುಖ್ಯವಲ್ಲ. 3,000 ಸಾಲು ಹುಡುಕಲು ಕಂಪ್ಯೂಟರಿಗೆ ಕ್ಷಣವೂ ಬೇಡ. ಆ ಫೈಲಿನಲ್ಲಿ ಎಷ್ಟು ಜನ ಬರೆಯುತ್ತೀರಿ?

ನೀವೊಬ್ಬರೇ, ತಿಂಗಳಿಗೊಮ್ಮೆ ಹೊಸ ಪುಸ್ತಕ ಸೇರಿಸುವುದಾದರೆ ಫೈಲೇ ಸಾಕು. ನೋಟ್‌ಪ್ಯಾಡಿನಲ್ಲೂ ತೆರೆಯುತ್ತದೆ, ಪೆನ್‌ಡ್ರೈವಿಗೆ ಕಾಪಿ ಮಾಡಿದರೆ ಬ್ಯಾಕಪ್ ಆಯಿತು. ಯುಟಿಎಫ್-8 ಎಂಬ, ಕನ್ನಡ ಅಕ್ಷರಗಳನ್ನೂ ಹಿಡಿದಿಡುವ ಸಂಕೇತ ಪದ್ಧತಿಯಲ್ಲಿ ಸೇವ್ ಮಾಡಿ, ಇಲ್ಲದಿದ್ದರೆ ಕನ್ನಡ ಹೆಸರುಗಳು ಕೆಟ್ಟುಹೋಗುತ್ತವೆ. ಸೀದಾ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಿದರೆ 00417 ಎಂಬ ಪುಸ್ತಕದ ನಂಬರು 417 ಆಗಿಬಿಡಬಹುದು, ಜೋಪಾನ.

ಯಾರು ಯಾವ ಪುಸ್ತಕ ಒಯ್ದರು ಎಂದು ಬರೆಯಲು ಶುರು ಮಾಡಿದರೆ ಮಾತ್ರ ಕಥೆ ಬೇರೆ. ಇಬ್ಬರು ಒಟ್ಟಿಗೆ ಫೈಲ್ ತೆರೆದಿರುತ್ತೀರಿ. ಕೊನೆಗೆ ಸೇವ್ ಮಾಡಿದವರ ಬರಹ ನಿಲ್ಲುತ್ತದೆ, ಮೊದಲಿನವರದ್ದು ಸದ್ದಿಲ್ಲದೆ ಹೋಗುತ್ತದೆ. ಈ ಸದ್ದಿಲ್ಲದೆ ಹೋಗುವುದಕ್ಕೇ ನನಗೆ ಜಾಸ್ತಿ ಭಯ. 2020ರಲ್ಲಿ ಇಂಗ್ಲೆಂಡಿನಲ್ಲಿ ಸುಮಾರು 16,000 ಕೋವಿಡ್ ಪ್ರಕರಣಗಳು ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯಗಳಿಂದ ಬಂದ ಸಿಎಸ್‌ವಿ ಮಾಹಿತಿಯನ್ನು ಹಳೆಯ ಎಕ್ಸೆಲ್ ಫೈಲಿಗೆ ತುಂಬುತ್ತಿದ್ದರು. ಅದರಲ್ಲಿ ಹಿಡಿಸುವುದು 65,536 ಸಾಲು ಮಾತ್ರ. ಉಳಿದವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ಎಷ್ಟೋ ದಿನ ತಡವಾಯಿತು.

ಕರೆಂಟಿನ ಮಾತೂ ಇದೆ. ಪುಸ್ತಕ ಹೊರಗಿದೆ ಎಂದು ಬರೆದಾಯಿತು, ಯಾರ ಹತ್ತಿರ ಎಂದು ಬರೆಯುವ ಮೊದಲೇ ಕರೆಂಟು ಹೋಯಿತು ಅಂದುಕೊಳ್ಳಿ. ಡೇಟಾಬೇಸಿನಲ್ಲಿ ಇವೆರಡನ್ನೂ ಒಂದೇ ಟ್ರಾನ್ಸಾಕ್ಷನ್ ಆಗಿ ಕಟ್ಟಬಹುದು. ಆಗ, ಆಗುವುದಾದರೆ ಎರಡೂ ಆಗುತ್ತವೆ, ಇಲ್ಲವಾದರೆ ಯಾವುದೂ ಆಗುವುದಿಲ್ಲ.

ನಿಮಗೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಸರಿಹೋಗುತ್ತದೆ ಅಂತ ನನಗನಿಸುತ್ತದೆ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದದ್ದು, ಉಚಿತ. ಅದಕ್ಕೆಂದೇ ಸದಾ ಓಡುತ್ತಿರುವ ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲಿನಲ್ಲಿರುತ್ತದೆ. ನಿಮ್ಮ ಮೊಬೈಲಿನೊಳಗೂ ಅದು ಈಗಾಗಲೇ ಕೆಲಸ ಮಾಡುತ್ತಿದೆ! ಡಿಬಿ ಬ್ರೌಸರ್ ಎಂಬ ಉಚಿತ ತಂತ್ರಾಂಶದಲ್ಲಿ ನಿಮ್ಮ ಸಿಎಸ್‌ವಿಯನ್ನು ಹಾಗೇ ಒಳಗೆ ತರಬಹುದು. ಪುಸ್ತಕ, ಸದಸ್ಯರು, ಎರವಲು ಎಂದು ಮೂರು ಟೇಬಲ್ (ಕೋಷ್ಟಕ) ಮಾಡಿ. ಸದಸ್ಯರ ಫೋನ್ ನಂಬರು ಬದಲಾದರೆ ಒಂದೇ ಕಡೆ ತಿದ್ದಿದರಾಯಿತು.

ಆ ಫೈಲನ್ನು ನೆಟ್‌ವರ್ಕಿನ ಹಂಚಿಕೆ ಫೋಲ್ಡರಿನಲ್ಲಿಟ್ಟು ಹಲವು ಕಂಪ್ಯೂಟರುಗಳಿಂದ ಬರೆಯಬೇಡಿ, ಕೆಟ್ಟುಹೋಗಬಹುದು. ಮುಂದೆ ಎರಡನೇ ಶಾಖೆ ತೆರೆದರೆ ಸರ್ವರ್ ಮೇಲೆ ಓಡುವ ಪೋಸ್ಟ್‌ಗ್ರೆಸ್ ಅಥವಾ ಮೈಎಸ್‌ಕ್ಯೂಎಲ್ ಡೇಟಾಬೇಸ್ ನೋಡೋಣ. ಅಲ್ಲಿಯವರೆಗೆ ತಿಂಗಳಿಗೊಮ್ಮೆ ಎಲ್ಲ ಟೇಬಲ್‌ಗಳನ್ನೂ ಸಿಎಸ್‌ವಿಯಾಗಿ ತೆಗೆದು ಬೇರೆಯವರ ಮನೆಯಲ್ಲೂ ಒಂದು ಪ್ರತಿ ಇಡಿ.